ಪೆಟ್ಟಿಗೆ ಕಳಚಿಟ್ಟು ಊಟಿ ನೋಡಿದೆವು

ಕುಂಬಳೆಯಿಂದ ಊಟಿಗೆ ಬೈಕಿನಲ್ಲೇ ಹೋಗುತ್ತೇವೆ ಎಂದಾಗ ಮನೆಯವರು ನಕ್ಕಿದ್ದರು. ಆದರೂ 2022ರ ಡಿಸೆಂಬರಿನಲ್ಲಿ ಗಂಡ ಹೆಂಡತಿ ನಾವಿಬ್ಬರೂ ನಮ್ಮ ಹಳೆಯ ಬುಲೆಟ್ ಏರಿ ಹೊರಟೇಬಿಟ್ಟೆವು. ಸಾಮಾನಿಗೆಂದು ಸೀಟಿನ ಹಿಂದೆ ದೊಡ್ಡ ಪೆಟ್ಟಿಗೆಯೊಂದನ್ನು ಹಾಕಿಸಿದ್ದೆವು. ನಾಲ್ಕು ಬೋಲ್ಟು ಬಿಗಿದು ಭದ್ರವಾಗಿ ಕೂರಿಸಿದ್ದ ಪೆಟ್ಟಿಗೆ. ಆ ಭದ್ರತೆಯೇ ನಮಗೆ ತೊಂದರೆಯಾಯಿತು.

ಊಟಿಯ ವಸತಿಗೃಹದಲ್ಲಿ ನಮ್ಮ ಕೋಣೆ ಎರಡನೇ ಮಹಡಿಯಲ್ಲಿತ್ತು. ಸಾಮಾನನ್ನೆಲ್ಲ ಬಿಡಿಬಿಡಿಯಾಗಿ ಹೊತ್ತು ಹತ್ತುವ ಗೋಜು ಬೇಡವೆಂದು ಅರ್ಧವನ್ನು ಪೆಟ್ಟಿಗೆಯಲ್ಲೇ ಬಿಟ್ಟೆವು. ಪೆಟ್ಟಿಗೆಯ ಬೀಗವೋ, ತೋರುಬೆರಳಿನಷ್ಟೂ ಇಲ್ಲ! ಹಾಗಾಗಿ ಎಲ್ಲಿ ನಿಂತರೂ ಒಬ್ಬರು ನೋಡಲು ಹೋಗುವುದು, ಇನ್ನೊಬ್ಬರು ಬೈಕಿನ ಪಕ್ಕ ಕಾವಲು ನಿಲ್ಲುವುದು. ಸಂತ ಸ್ಟೀಫನರ ದೇವಾಲಯವನ್ನು ಒಬ್ಬರು ನೋಡಿದೆವು, ಒಬ್ಬರು ಅದರ ಗೇಟನ್ನು ನೋಡಿದೆವು.

ಊರಿಗೆ ಬಂದ ಮೇಲೂ ಪೆಟ್ಟಿಗೆ ಅಲ್ಲೇ ಇತ್ತು. ವಾರಕ್ಕೊಮ್ಮೆ ಅಮ್ಮನನ್ನು ಡಾಕ್ಟರರ ಬಳಿಗೆ ಕರೆದೊಯ್ಯುವುದು ಇದೇ ಬೈಕಿನಲ್ಲಿ. ಅಮ್ಮ ಕಾಲು ಒಂದೇ ಬದಿಗೆ ಹಾಕಿ ಕೂರುವವರು. ಒಂದು ದಿನ ಇಳಿಯುವಾಗ ಮೊಣಕೈ ಪೆಟ್ಟಿಗೆಯ ಮೂಲೆಗೆ ಬಡಿದು ಬೀಳುವುದರಲ್ಲಿದ್ದರು, ಹೇಗೋ ಹಿಡಿದುಕೊಂಡೆವು. "ಮಗಾ, ಇದು ನನ್ನನ್ನು ಕೂರಿಸುವ ಬೈಕೋ, ಪೆಟ್ಟಿಗೆ ಹೊರುವ ಕತ್ತೆಯೋ?" ಎಂದರು. ನಗುತ್ತಲೇ ಹೇಳಿದರೂ ಅವರ ಕೈ ನಡುಗುತ್ತಿತ್ತು.

ಮರುದಿನವೇ ವೆಲ್ಡಿಂಗ್ ಅಂಗಡಿಗೆ ಹೋದೆವು. ಬೈಕಿನ ಚೌಕಟ್ಟಿಗೆ ಎಲ್ಲೂ ತೂತು ಕೊರೆಯಬಾರದು ಎಂಬುದೊಂದೇ ನಮ್ಮ ಹಠ. ಅಂಗಡಿಯವರು ಪೆಟ್ಟಿಗೆಯ ಅಡಿಗೆ ಕಬ್ಬಿಣದ ತಗಡು ಜೋಡಿಸಿ, ಮುಂದಿನ ಅಂಚಿಗೆ ಎರಡು ಕೊಕ್ಕೆ ಬೆಸೆದರು. ಪೆಟ್ಟಿಗೆಯನ್ನು ಮುಂದಕ್ಕೆ ಜಾರಿಸಿದರೆ ಕೊಕ್ಕೆಗಳು ಕ್ಯಾರಿಯರಿನ ಅಡ್ಡ ಕಂಬಿಯ ಕೆಳಗೆ ಸೇರಿಕೊಳ್ಳುತ್ತವೆ. ಹಿಂದೆ ಒಂದು ಒತ್ತು ಚಿಲಕ, ಅದಕ್ಕೊಂದು ಬೀಗ. ಪೆಟ್ಟಿಗೆಯ ಹಿಂದಿನ ಬ್ರೇಕ್ ದೀಪದ ವೈರಿಗೆ ಎಳೆದರೆ ಬಿಚ್ಚಿಕೊಳ್ಳುವ ಪ್ಲಗ್ ಹಾಕಿದರು. ಈ ಪ್ಲಗ್ಗನ್ನು ಮರೆತು ಪೆಟ್ಟಿಗೆ ಎತ್ತಿದರೆ ವೈರು ಕಿತ್ತು ಕೈಗೆ ಬರುತ್ತದೆ. ನಮಗೆ ಒಮ್ಮೆ ಬಂದಿದೆ! ಮೊದಲು ಹತ್ತನೇ ನಂಬರ್ ಸ್ಪ್ಯಾನರ್ ಹಿಡಿದು ಅರ್ಧ ಗಂಟೆ ಒದ್ದಾಡುತ್ತಿದ್ದ ಕೆಲಸ ಈಗ ಒಂದು ನಿಮಿಷದ್ದು.

2024ರ ಡಿಸೆಂಬರಿನಲ್ಲಿ ಮತ್ತೆ ಹೊರಟೆವು. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಾಗ ಹಿಂದಿನಿಂದ ಕಟಕಟ ಸದ್ದು. ಕೊಕ್ಕೆಗೂ ಕಂಬಿಗೂ ನಡುವೆ ಒಂದಿಷ್ಟು ಸಡಿಲ ಉಳಿದಿತ್ತು. ಬುಲೆಟ್ಟಿನದು 346 ಸಿಸಿಯ ಒಂಟಿ ಸಿಲಿಂಡರ್, ಅದರ ನಡುಕಕ್ಕೆ ಸಡಿಲವಾದದ್ದು ಇನ್ನಷ್ಟು ಸಡಿಲವಾಗುತ್ತದೆ. ಮಡಿಕೇರಿಯ ಸೈಕಲ್ ಅಂಗಡಿಯಲ್ಲಿ ಹಳೆಯ ಟ್ಯೂಬಿನ ತುಂಡು ಕೇಳಿ ಪಡೆದು ಕಂಬಿಗೆ ಸುತ್ತಿದೆವು. ಸದ್ದು ನಿಂತಿತು. ಚಿಲಕ ತಾನಾಗಿ ತೆರೆದುಕೊಳ್ಳದಂತೆ ಒಂದು ಕಾಟರ್ ಪಿನ್ನನ್ನೂ ಸಿಕ್ಕಿಸಿದೆವು. ಅದರ ಮೇಲೊಂದು ಬೆಲ್ಟು. ಹಿಂದೆ ಬರುವವರ ತಲೆಯ ಮೇಲೆ ನಮ್ಮ ಪೆಟ್ಟಿಗೆ ಬೀಳಬಾರದಲ್ಲ!

ಕುಟ್ಟ, ತೋಲ್ಪೆಟ್ಟಿ, ಮಾನಂತವಾಡಿ ದಾಟಿ ಸುಲ್ತಾನ್ ಬತ್ತೇರಿಯಲ್ಲಿ ರಾತ್ರಿ ಕಳೆದೆವು. ಮರುದಿನ ಪಾಟ್ಟವಯಲಿನ ಚೆಕ್‌ಪೋಸ್ಟಿನಲ್ಲಿ ಪೆಟ್ಟಿಗೆ ತೆರೆಸಿ ನೋಡಿದರು. ನೀಲಗಿರಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಬಾಟಲಿಗಳಿಗೆ ನಿಷೇಧವಿದೆ. ನಮ್ಮದು ಸ್ಟೀಲ್ ಬಾಟಲಿ, ಬಿಟ್ಟುಬಿಟ್ಟರು.

ಗೂಡಲೂರಿನಿಂದ ಊಟಿಗೆ ಸುಮಾರು 50 ಕಿ.ಮೀ. ನಡುವಟ್ಟದ ತಿರುವುಗಳಲ್ಲಿ ಹಿಂದಿನ ಸಲ ಬೈಕಿನ ಮುಂದಿನ ಚಕ್ರ ಹಗುರಾದಂತೆ ಅನಿಸಿ ಎದೆ ಝಲ್ಲೆಂದಿತ್ತು. ಪೆಟ್ಟಿಗೆ ಇರುವುದು ಹಿಂದಿನ ಚಕ್ರದ ಅಚ್ಚಿಗಿಂತಲೂ ಹಿಂದೆ. ಅಲ್ಲಿ ಭಾರ ಹೆಚ್ಚಿದಷ್ಟೂ ಮುಂದಿನ ಚಕ್ರದ ಹಿಡಿತ ಕಡಿಮೆ. ಇಂಥ ಪೆಟ್ಟಿಗೆಗಳ ಮೇಲೆ ಮೂರು ಕಿಲೋ, ಹತ್ತು ಕಿಲೋ ಎಂದು ಮಿತಿ ಬರೆದಿರುವುದು ಸುಮ್ಮನಲ್ಲ. ನಾವದನ್ನು ಮೊದಲ ಸಲ ಓದಿರಲೇ ಇಲ್ಲ. ಈ ಸಲ ಸ್ಪ್ಯಾನರು, ಟ್ಯೂಬು, ಅಕ್ಕನ ಮನೆಗೆಂದು ತಂದ ತೆಂಗಿನಕಾಯಿ ಎಲ್ಲ ಪಕ್ಕದ ಚೀಲಗಳಲ್ಲಿ ತಗ್ಗಿನಲ್ಲಿದ್ದವು. ಪೆಟ್ಟಿಗೆಯೊಳಗೆ ಬಟ್ಟೆ, ಸ್ವೆಟರ್ ಅಷ್ಟೇ. ಪೈಕಾರ ದಾಟುವಾಗ ಚಳಿಗೆ ಹಲ್ಲು ಕಡಿಯುತ್ತಿತ್ತು, ಭಯ ಮಾತ್ರ ಇರಲಿಲ್ಲ.

ಊಟಿಯಲ್ಲಿ ಪ್ಲಗ್ ಎಳೆದು, ಚಿಲಕ ಒತ್ತಿ, ಪೆಟ್ಟಿಗೆಯನ್ನು ಸೂಟ್‌ಕೇಸಿನಂತೆ ಹಿಡಿದು ಮಹಡಿ ಹತ್ತಿದೆವು. ಕೋಣೆಗೆ ಬೀಗ ಹಾಕಿ, ಬರಿಯ ಬೈಕಿನಲ್ಲಿ ನೇರ ಸಂತ ಸ್ಟೀಫನರ ದೇವಾಲಯಕ್ಕೆ. 1829ರಲ್ಲಿ ಅಡಿಗಲ್ಲು ಹಾಕಿ, 1831ರಲ್ಲಿ ಜನರಿಗೆ ತೆರೆದ ದೇವಾಲಯವಿದು. ಇದರ ದೊಡ್ಡ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಲಾಲ್‌ಬಾಗ್ ಅರಮನೆಯವು. ಅಲ್ಲಿ ಬಿಚ್ಚಿ, ಈ ಬೆಟ್ಟದ ಮೇಲೆ ತಂದು ಜೋಡಿಸಿದರು. ಏಳೆಂಟು ಕಿಲೋ ಹೊತ್ತು ತರಲು ನಾವು ಪಟ್ಟ ಪಾಡು ನೆನಪಾಗಿ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎಷ್ಟೋ ಹೊತ್ತು ಕತ್ತೆತ್ತಿ ಆ ತೊಲೆಗಳ ಕೆಳಗೇ ಕುಳಿತಿದ್ದೆವು, ಇಬ್ಬರೂ ಒಟ್ಟಿಗೆ. ಗೇಟಿನ ಬಳಿ ಕಾವಲಿಗೆ ಯಾರೂ ಬೇಕಿರಲಿಲ್ಲ.

ಊರು ಸೇರಿದ ಮರುದಿನ ಡಾಕ್ಟರರ ಬಳಿಗೆ ಹೋಗುವ ದಿನ. ಪೆಟ್ಟಿಗೆ ಜಗುಲಿಯ ಮೂಲೆಯಲ್ಲಿತ್ತು. ಅಮ್ಮ ಬೈಕಿನ ಹಿಂಬದಿಯನ್ನೊಮ್ಮೆ ಕೈಯಿಂದ ಸವರಿ ನೋಡಿ, ಸೆರಗು ಸರಿಪಡಿಸಿಕೊಂಡು ಹತ್ತಿ ಕುಳಿತರು.