ಹೆದ್ದಾರಿಯಿಂದ ಹಿತ್ತಲಿಗೆ

2020ರ ಜುಲೈ 11, ಶನಿವಾರ ಸಂಜೆ ಬೆಂಗಳೂರಿಗೆ ಮತ್ತೆ ಲಾಕ್‌ಡೌನ್ ಎಂಬ ಸುದ್ದಿ ಬಂತು. 14ರ ಮಂಗಳವಾರ ರಾತ್ರಿ ಎಂಟರಿಂದ 22ರ ಬೆಳಗಿನ ಐದರವರೆಗೆ. ಭಾನುವಾರ ಆಗ ಹೇಗೂ ವಾರವಾರದ ಬಂದ್. ಅಂದರೆ ಊರು ಬಿಡುವವರ ಕೈಯಲ್ಲಿ ಉಳಿದದ್ದು ಒಂದೂವರೆ ದಿನ. ನಾವು ತಿಂಗಳ ಕೊನೆಗೆ ಮನೆ ಖಾಲಿ ಮಾಡುವವರಿದ್ದೆವು. ಹೆಂಡತಿ ಟಿವಿ ಆರಿಸಿ, ಅಟ್ಟದ ಮೇಲಿದ್ದ ಖಾಲಿ ಪೆಟ್ಟಿಗೆಗಳನ್ನು ಇಳಿಸತೊಡಗಿದಳು.

ಹೊರಡಲು ಕಾರಣ ಎಲ್ಲರದ್ದೂ ಒಂದೇ. ಆಫೀಸು ಮಾರ್ಚ್‌ನಲ್ಲೇ ಮನೆಗೆ ಬಂದು ಊಟದ ಮೇಜಿನ ಮೇಲೆ ಕೂತಿತ್ತು. ವಿಜಯನಗರದ ಎರಡನೇ ಮಹಡಿಯ ಮನೆಗೆ ಅಷ್ಟು ಬಾಡಿಗೆ ಕಟ್ಟಿ ಎದುರು ಮನೆಯ ನೀರಿನ ಟ್ಯಾಂಕು ನೋಡುತ್ತ ಕೂರುವುದರಲ್ಲಿ ಅರ್ಥ ಉಳಿದಿರಲಿಲ್ಲ. ಅತ್ತ ಧಾರವಾಡದಲ್ಲಿ ಹೆಂಡತಿಯ ಸೋದರಮಾವನ ಹಂಚಿನ ಮನೆ, ಅವರು ಪುಣೆಗೆ ಮಗನ ಹತ್ತಿರ ಹೋದಂದಿನಿಂದ ಬೀಗ ಜಡಿದುಕೊಂಡು ಬಿದ್ದಿತ್ತು. ಬಾಡಿಗೆ ಬೇಡ, ಹಿತ್ತಲಿನ ಕಸ ತೆಗೆಸಿದರೆ ಸಾಕು ಎಂದರು ಮಾವ.

ಲಾರಿಯವನು ಹೇಳಿದ ದರಕ್ಕೆ ಬೇರೆ ದಿನಗಳಲ್ಲಾಗಿದ್ದರೆ ಫೋನಿಟ್ಟುಬಿಡುತ್ತಿದ್ದೆ. ಆ ಭಾನುವಾರ ‘ಆಯ್ತಣ್ಣ’ ಅಂದೆ. ಬೀದಿ ಬಂದ್ ಇದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಬಾಗಿಲು ಹಾಕಿಕೊಂಡು ರಾತ್ರಿಯವರೆಗೂ ಕಟ್ಟಿದೆವು. ಅಡುಗೆ ಸಾಮಾನಿನ ಪೆಟ್ಟಿಗೆಗಳ ಮೇಲೆ ಹೆಂಡತಿ ನಂಬರು ಬರೆದಳು. ಪುಸ್ತಕದ ಪೆಟ್ಟಿಗೆಗಳಿಗೆ ನಂಬರು ಸಿಗಲಿಲ್ಲ. ಅವಳ ಪ್ರಕಾರ ಅವು ತುರ್ತು ಅಲ್ಲ.

ಸೋಮವಾರ ಇನ್ನೂ ಕತ್ತಲಿರುವಾಗಲೇ ಕಾರು ತೆಗೆದರೂ ಗೊರಗುಂಟೆಪಾಳ್ಯದಲ್ಲಿ ನಮಗಿಂತ ಮೊದಲೇ ಎದ್ದವರ ಸಾಲು ನಿಂತಿತ್ತು. ನೆಲಮಂಗಲದ ಟೋಲ್ ಮುಟ್ಟುವ ಹೊತ್ತಿಗೆ ಬೆಳಕಾಯಿತು. ಆಗ ಕಂಡದ್ದು ನಾನು ಆ ದಾರಿಯಲ್ಲಿ ಎಂದೂ ಕಾಣದ ನೋಟ. ಊರಿನ ಮನೆಗಳ ಒಳಗೆಲ್ಲ ರಸ್ತೆಗೆ ಬಂದಿತ್ತು. ಟಾಟಾ ಏಸಿನ ಮೇಲೆ ಮಡಚಿದ ಹಾಸಿಗೆ, ಅದರ ಮೇಲೆ ಅಂಗಾತ ಮಲಗಿಸಿದ ಫ್ರಿಜ್ಜು, ಫ್ರಿಜ್ಜನ್ನು ಹಿಡಿದುಕೊಂಡು ಕೂತ ಹುಡುಗ. ಬೈಕಿನಲ್ಲಿ ಗಂಡ, ಹೆಂಡತಿ, ನಡುವೆ ಮಿಕ್ಸಿ. ಹೊಲಿಗೆ ಯಂತ್ರ, ತುಳಸಿ ಕುಂಡ, ಪಾತ್ರೆಯೊಳಗೆ ಪಾತ್ರೆ, ಅದರೊಳಗೆ ಗಡಿಯಾರ. ಒಂದು ಆಟೋದ ಹಿಂಬದಿಯಲ್ಲಿ ದೇವರ ಪಟವನ್ನು ಮುಖ ಹೊರಗೆ ಮಾಡಿ ಕಟ್ಟಿದ್ದರು. ಬಿಡದಿಗೋ ಸಿರಾಕ್ಕೋ ಗೊತ್ತಿಲ್ಲ, ವೆಂಕಟರಮಣ ಹಿಂದಿನ ವಾಹನಗಳನ್ನೆಲ್ಲ ನೋಡುತ್ತ ಹೋದ. ಛೆ, ಬಿಡದಿ ಅತ್ತ ಕಡೆ, ಮೈಸೂರು ದಾರಿ. ಆ ದಿನ ನಿದ್ದೆಗೆಟ್ಟ ತಲೆಗೆ ಎಲ್ಲ ಊರೂ ಒಂದೇ ದಿಕ್ಕಿಗಿದ್ದಂತಿತ್ತು.

ತುಮಕೂರು, ಸಿರಾ, ಹಿರಿಯೂರು ದಾಟಿದ್ದು ಗೊತ್ತಾಗಲಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಜೋರಾಗಿ ತಿರುಗುತ್ತಿದ್ದವು. ಅಲ್ಲಿಂದ ಮುಂದೆ ಹೆದ್ದಾರಿಯನ್ನು ಆರು ಪಥ ಮಾಡುವ ಕೆಲಸ. ನೂರು ಮೀಟರಿಗೊಮ್ಮೆ ಬಾಣದ ಗುರುತು, ಸರ್ವಿಸ್ ರಸ್ತೆಗೆ ಇಳಿ, ಮತ್ತೆ ಹತ್ತು. ಹೋಟೆಲುಗಳು ತೆರೆದು ತಿಂಗಳಾಗಿತ್ತು, ಒಳಗೆ ಕೂತು ತಿನ್ನುವ ಧೈರ್ಯ ನಮಗಿರಲಿಲ್ಲ. ದಾವಣಗೆರೆಯಂಥ ದಾವಣಗೆರೆಯ ಪಕ್ಕದಲ್ಲೇ ಕಾರು ನಿಲ್ಲಿಸಿ, ಬೆಣ್ಣೆ ದೋಸೆಯ ಹೆಸರೆತ್ತದೆ, ತಂದ ಚಪಾತಿ ಚಟ್ನಿಪುಡಿ ತಿಂದೆವು. ಇದಕ್ಕಿಂತ ದೊಡ್ಡ ತ್ಯಾಗ ಆ ವರ್ಷ ನಾನು ಮಾಡಿದ ನೆನಪಿಲ್ಲ.

ಹರಿಹರದ ಹತ್ತಿರ ತುಂಗಭದ್ರೆ ಕೆಂಪಗೆ ಹರಿಯುತ್ತಿದ್ದಳು. ಹೊಳೆ ದಾಟಿದ್ದೇ ಹೆಂಡತಿಯ ಮಾತು ಧಾರವಾಡಕ್ಕೆ ಹೊರಳಿತು, ಫೋನಿನಲ್ಲಿ ‘ಬಂದ್ವಿ, ಬಂದ್ವಿ, ಚಾ ಇಡಬ್ಯಾಡ್ರಿ’ ಎನ್ನತೊಡಗಿದಳು. ರಾಣೆಬೆನ್ನೂರು, ಹಾವೇರಿಯ ಉದ್ದಕ್ಕೂ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಎದ್ದಿತ್ತು. ಕುಂಟೆ ಹೊಡೆಯುವ ಕಡೆಯೆಲ್ಲ ಎತ್ತಿನ ಹಿಂದೆ ಬೆಳ್ಳಕ್ಕಿಗಳು. ದಾರಿಯ ಹಕ್ಕಿಗಳಲ್ಲಿ ನನಗೆ ನೆನಪಿರುವುದು ಅವಷ್ಟೇ. ಶಿಗ್ಗಾವಿಯಲ್ಲಿ ಹನಿ ಶುರುವಾಯಿತು. ಹುಬ್ಬಳ್ಳಿ–ಧಾರವಾಡ ಬೈಪಾಸು ಆಗಿನ್ನೂ ಎರಡೇ ಪಥದ್ದು. ಎದುರು ಲಾರಿಗಳ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು, ಉಸಿರು ಬಿಗಿಹಿಡಿದು ದಾಟುವ ದಾರಿ. ಬೆಂಗಳೂರಿನಿಂದ ಸುಮಾರು 430 ಕಿಲೋಮೀಟರ್. ಕೊನೆಯ ಮೂವತ್ತೇ ಉದ್ದ ಅನ್ನಿಸಿದವು.

ಬೀಗ ತೆಗೆಯುವಾಗ ಪಕ್ಕದ ಕಂಪೌಂಡಿನಾಚೆಯಿಂದ ಸೆರಗನ್ನು ಮೂಗಿಗೆ ಹಿಡಿದ ಹಿರಿಯ ಹೆಂಗಸೊಬ್ಬರು ಇಣುಕಿದರು. ಹೆಂಡತಿ ಹುಡುಗಿಯಾಗಿದ್ದಾಗಿನಿಂದ ಅವರನ್ನು ಕಾಕು ಎಂದೇ ಕರೆಯುತ್ತಾಳೆ.

“ಅಳಿಯಾರ, ಆರಾಮ ಬಂದ್ರಿ? ಬೆಂಗ್ಳೂರಾಗ ಭಾಳ ಐತಂತ. ಒಂದ್ ಹದಿನಾಕ್ ದಿನಾ ಹೊರಗ ಬರಬ್ಯಾಡ್ರಿ ಮತ್ತ. ಕಾಯಿಪಲ್ಲೆ ನಾ ಗ್ವಾಡಿ ಮ್ಯಾಲೆ ಇಡ್ತೀನಿ.”

ಸ್ವಾಗತ, ಎಚ್ಚರಿಕೆ, ತರಕಾರಿ, ಮೂರೂ ಒಂದೇ ಉಸಿರಿನಲ್ಲಿ. ಕೇರಿಗೆಲ್ಲ ನಾನು ಆ ಕ್ಷಣದಿಂದ ಅಳಿಯ.

ಲಾರಿ ಮರುದಿನ ಸಂಜೆ ಬಂತು. ಇಳಿಸಲು ಹಮಾಲರು ಬರಲಿಲ್ಲ, ಬೆಂಗಳೂರಿನ ಗಾಡಿಯನ್ನು ಮುಟ್ಟುವುದಿಲ್ಲ ಅಂದರು, ಅವರದ್ದೂ ತಪ್ಪಲ್ಲ. ಡ್ರೈವರ್, ಕ್ಲೀನರ್, ನಾನು ಸೇರಿ ಪಡಸಾಲೆಗೆ ತಂದು ಒಟ್ಟಿದೆವು. ಮಾರನೆಯ ದಿನ, ಜುಲೈ 15ರಂದು, ಧಾರವಾಡ ಜಿಲ್ಲೆಗೂ ಲಾಕ್‌ಡೌನ್. ಒಂದರಿಂದ ತಪ್ಪಿಸಿಕೊಂಡು ಇನ್ನೊಂದರೊಳಗೆ ಸಾಮಾನು ಸಮೇತ ಬಂದು ಕೂತಿದ್ದೆವು.

ಇಂಟರ್ನೆಟ್ ಹಾಕುವವನು ಲಾಕ್‌ಡೌನ್ ಮುಗಿಯದೆ ಬರುವುದಿಲ್ಲ. ಮೊಬೈಲಿನ ಸಿಗ್ನಲ್ಲು ದಪ್ಪ ಗೋಡೆಗಳ ಒಳಗೆ ಸಿಗುವುದಿಲ್ಲ. ಹೀಗಾಗಿ ನನ್ನ ಆಫೀಸು ಹಿತ್ತಲಿನ ಕಟ್ಟೆಗೆ ವರ್ಗವಾಯಿತು. ತಲೆಯ ಮೇಲೆ ತಗಡಿನ ಚಾಚು, ಮುಂದೆ ಬಾವಿ, ಬಟ್ಟೆ ಒಗೆಯುವ ಕಲ್ಲು, ಒಂದು ಮಾವು, ಎರಡು ಪೇರಲ, ಲಿಂಬೆ, ನುಗ್ಗೆ, ಬಾವಿಗೆ ಆತು ಅಗಲ ಎಲೆಯ ಒಂದು ಅಂಜೂರ. ಮಿಕ್ಕದ್ದು ಎದೆಮಟ್ಟದ ಕಸ. ಧಾರವಾಡದ ಮಳೆ ಬೆಂಗಳೂರಿನದರಂತೆ ಬಂದು ಹೊಡೆದು ಹೋಗುವುದಿಲ್ಲ. ಬೆಳಗ್ಗೆ ಜಿಟಿಜಿಟಿ ಹಿಡಿದರೆ ಸಂಜೆಯವರೆಗೂ ಅದೇ ಶ್ರುತಿ. ಆ ಶ್ರುತಿಯನ್ನು ಸೀಳಿಕೊಂಡು ಯಾರೋ ಒಬ್ಬರು ದಿನವಿಡೀ ಚುಯ್ಯಿ ಚುಯ್ಯಿ ಚುಯ್ಯಿ ಎನ್ನುತ್ತಿದ್ದರು. ಮೀಟಿಂಗಿನಲ್ಲಿ ನನ್ನ ಮೇಲಿನವರು ‘ಅಲಾರಂ ಆರಿಸ್ತೀರಾ’ ಎಂದು ಕೇಳಿದರು. ಅಷ್ಟು ದೊಡ್ಡ ಗಂಟಲಿನ ಹಕ್ಕಿ ಎಷ್ಟು ದೊಡ್ಡದಿರಬಹುದೆಂದು ಹುಡುಕಿದರೆ ಕಂಡದ್ದು ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಜೀವ. ನೆತ್ತಿ ತುಕ್ಕಿನ ಬಣ್ಣ, ಬೆನ್ನು ಹಸಿರು, ಬಾಲ ನೆಟ್ಟಗೆ ಮೇಲಕ್ಕೆ.

ನಂಬರಿಲ್ಲದ ಪೆಟ್ಟಿಗೆಗಳಲ್ಲಿ ಒಂದನ್ನು ಮೊದಲು ತೆರೆದದ್ದು ಆ ಕಾರಣಕ್ಕೆ. ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಹೊರಬಂತು, ಪಾಠವೂ ಶುರುವಾಯಿತು. ಚುಯ್ಯಿ ಎನ್ನುತ್ತಿದ್ದದ್ದು ಸಿಂಪಿಗ, ದರ್ಜಿ ಹಕ್ಕಿ.

ಅಂಜೂರದ ಎಲೆಯೊಂದು ವಾಲಿದ್ದ ರೀತಿ ಸರಿಯಿಲ್ಲ ಎಂದು ನೋಡಿದರೆ ಅದರ ಎರಡೂ ಅಂಚುಗಳನ್ನು ಸೇರಿಸಿ ಹೊಲಿದಿತ್ತು. ಹೊಲಿಗೆ ಎಂದರೆ ನಮ್ಮ ಹೊಲಿಗೆಯಲ್ಲ, ಉದ್ದ ದಾರ ಓಡುವುದಿಲ್ಲ. ಕೊಕ್ಕಿನಿಂದ ಎಲೆಗೆ ತೂತು ಹಾಕುವುದು, ಜೇಡರ ಬಲೆಯ ಎಳೆಯನ್ನೋ ಹತ್ತಿಯ ನಾರನ್ನೋ ಅದರಲ್ಲಿ ತೂರಿಸುವುದು, ಆಚೆ ಬಂದ ತುದಿ ಅರಳಿಕೊಂಡು ತಾನೇ ಬಿಗಿಯಾಗಿ ಕೂರುವುದು. ಒಂದೊಂದು ಹೊಲಿಗೆಯೂ ಬಿಡಿ, ಒಂದು ಬಿಟ್ಟರೂ ಉಳಿದವು ಬಿಡುವುದಿಲ್ಲ. ಎಲೆ ಇನ್ನೂ ಗಿಡದ ಮೇಲೇ ಇರುವುದರಿಂದ ಬಾಡುವುದಿಲ್ಲ, ಹಸಿರಿಗೆ ಹಸಿರಾಗಿ ಮರೆಯಾಗುತ್ತದೆ. ಆ ಚೀಲದೊಳಗೆ ಬೂರುಗದ ಅರಳೆಯಂಥ ಮೆತ್ತೆ. ಸುರಿಯುವ ಮಳೆಯಲ್ಲಿ ಮೇಲಿನ ಎಲೆ ಕೊಡೆ ಹಿಡಿದಿತ್ತು, ಚೀಲದ ಬಾಯಿಗೆ ಹನಿಯೂ ಬೀಳುತ್ತಿರಲಿಲ್ಲ. ಹೊಲಿಯುವುದು ಹೆಣ್ಣು. ಗಂಡಿನ ಪಾಲಿಗೆ ಗಂಟಲು.

ಹೊಸದೇನೋ ಕಂಡುಹಿಡಿದ ಗತ್ತಿನಲ್ಲಿ ಕಾಕುಗೆ ತೋರಿಸಿದೆ.

“ವರ್ಷಾ ಹೊಲೀತೈತ್ರಿ ಅದು. ಹೋದ್ ವರ್ಷ ನಮ್ಮ ಬದನಿ ಗಿಡಕ್ಕ ಹೊಲ್ದಿತ್ತು,” ಅಂದರು ಕಾಕು.

ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ‘ಪ್ರಕೃತಿ ಮರಳಿ ಬಂತು’ ಎಂಬ ಚಿತ್ರಗಳೇ. ವೆನಿಸ್ಸಿನ ಕಾಲುವೆಗೆ ಹಂಸಗಳು ಬಂದವು ಎಂದು ಮಾರ್ಚ್‌ನಲ್ಲಿ ಜಗತ್ತೆಲ್ಲ ಓಡಾಡಿದ ಚಿತ್ರ ಪಕ್ಕದ ಬುರಾನೋ ದ್ವೀಪದ್ದು, ಅಲ್ಲಿ ಹಂಸಗಳು ಮೊದಲಿಂದಲೂ ಇದ್ದವು. ಹಕ್ಕಿ ಬರಲಿಲ್ಲ, ನಾವು ಕೂತೆವು ಎಂಬುದೇ ನನ್ನ ಅಭಿಪ್ರಾಯ. ಪೂರ್ತಿ ಹಾಗೂ ಅಲ್ಲವೆನ್ನಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಿಳಿಕಿರೀಟದ ಗುಬ್ಬಿಗಳು ಲಾಕ್‌ಡೌನಿನ ನಿಶ್ಶಬ್ದದಲ್ಲಿ ದನಿ ತಗ್ಗಿಸಿ ಹಾಡಿದವು, ಹಾಗಿದ್ದೂ ಹಾಡು ಮೊದಲಿಗಿಂತ ದೂರ ಮುಟ್ಟಿತು ಎಂದು ಆ ಸೆಪ್ಟೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಂಶೋಧಕರು ಬರೆದರು. ವಾಹನಗಳ ಗದ್ದಲದ ಮೇಲೆ ಅರಚುವ ಕಷ್ಟ ಅವಕ್ಕೆ ತಪ್ಪಿತ್ತು. ಬೆಂಗಳೂರಿನ ವಿಷಯವೂ ಬೇರೆಯೇ. ಅದೇ ವರ್ಷದ ಫೆಬ್ರವರಿಯಲ್ಲಿ ಬಂದ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ, ಒಂದು ಕೋಟಿಗೂ ಮೀರಿದ ದಾಖಲೆಗಳನ್ನು ಸೋಸಿ, ಗುಬ್ಬಚ್ಚಿ ದೇಶದ ಲೆಕ್ಕದಲ್ಲಿ ಹೆಚ್ಚುಕಡಿಮೆ ಇದ್ದಂತೇ ಇದೆ, ದೊಡ್ಡ ನಗರಗಳಲ್ಲಿ ಮಾತ್ರ ಕಡಿಮೆಯಾಗಿದೆ ಎಂದಿತ್ತು. ವಿಜಯನಗರದಲ್ಲಿ ನಾನು ಎಷ್ಟು ಕೂತಿದ್ದರೂ ಗುಬ್ಬಿ ಕಾಣುತ್ತಿರಲಿಲ್ಲ. ಇಲ್ಲಿ ಹಂಚಿನ ಸಂದಿಯಿಂದ ಹುಲ್ಲುಕಡ್ಡಿ ಉದುರಿಸಿ, ನನ್ನ ಕೀಬೋರ್ಡಿನ ತುಂಬ ಕಸ ಮಾಡುತ್ತಿದ್ದವು.

ಹೆಂಡತಿಗೆ ಇದರಲ್ಲಿ ಯಾವುದೂ ವಿಶೇಷವಲ್ಲ. “ಮಾವ ಇದ್ದಾಗ್ಲೂ ಇವೆಲ್ಲ ಇದ್ದವು. ಮಾವ ಮೀಟಿಂಗ್ ಬಿಟ್ಟು ನೋಡ್ತಿರ್ಲಿಲ್ಲ ಅಷ್ಟೇ,” ಎಂದು ಅಡುಗೆ–2ರ ಪೆಟ್ಟಿಗೆ ಬಿಚ್ಚುತ್ತ ಹೇಳಿದಳು.

ಜುಲೈ 25ರಂದು ನಾಗರಪಂಚಮಿ. ಆ ಕಡೆಯವರಿಗೆ ಅದು ದೊಡ್ಡ ಹಬ್ಬ. ಜೋಕಾಲಿ ಕಟ್ಟುವವರು ಆ ವರ್ಷ ಕಡಿಮೆ, ಉಂಡಿ ಮಾತ್ರ ತಪ್ಪಲಿಲ್ಲ. ಕಾಕು ಗೋಡೆಯ ಮೇಲೆ ಡಬ್ಬಿ ಇಟ್ಟು ಹಿಂದೆ ಸರಿದು ನಿಂತರು: ಶೇಂಗಾ ಉಂಡಿ, ಎಳ್ಳುಂಡಿ, ಲಡಕಿ ಉಂಡಿ. ನಾನು ಡಬ್ಬಿಗೆ ಕೈ ಹಾಕುವಾಗಲೇ ಲಿಂಬೆಯ ಬುಡದಿಂದ ಕಪ್ಪು ದೇಹದ, ಇಟ್ಟಿಗೆ ಬಣ್ಣದ ರೆಕ್ಕೆಯ ದೊಡ್ಡ ಹಕ್ಕಿಯೊಂದು ಯಜಮಾನನ ಹೆಜ್ಜೆ ಹಾಕಿಕೊಂಡು ಬಂತು. ಕಾಕು ನಿಂತಲ್ಲೇ ಕೈ ಮುಗಿದರು.

“ರತ್ನಪಕ್ಷಿ! ಹಬ್ಬದ ದಿನ ಕಂಡೈತಿ, ಛಲೋ ಆಕ್ಕೈತಿ ನಿಮಗ.”

ನಮ್ಮ ಮಂಡ್ಯದ ಕಡೆ ಅದು ಕೆಂಬೂತ, ನವಿಲನ್ನು ನೋಡಿ ಪುಕ್ಕ ಕೆದರಿ ಗಾದೆಯಲ್ಲಿ ನಗೆಪಾಟಲಾದ ಪಾಪದ ಹಕ್ಕಿ. ಗಾದೆಯೂ ಬೇಡ, ಕೈಮುಗಿಯುವುದೂ ಬೇಡ, ಅದರ ಊಟ ನೋಡಿ. ಶಂಬುಕದ ಹುಳ, ಓತಿಕ್ಯಾತ, ಜೊತೆಗೆ ಬೇರೆ ಹಕ್ಕಿಗಳ ಮೊಟ್ಟೆ, ಮರಿ. ಅದು ಬಾವಿಯ ಕಡೆಗೆ, ಅಂಜೂರದ ಕಡೆಗೆ ಹೊರಟಿತ್ತು. ಸಿಂಪಿಗಗಳೆರಡೂ ಕಿರುಚಾಡಿ ಅದರ ತಲೆಯ ಮೇಲೆ ಹಾರತೊಡಗಿದವು. ನಾನು ಡಬ್ಬಿ ಕೆಳಗಿಟ್ಟು ಬಟ್ಟೆ ಹರವುವ ಕೋಲು ಎತ್ತಿಕೊಂಡೆ.

“ಅಯ್ಯ, ಹೊಡೀಬ್ಯಾಡ್ರೀ! ಮನಿಗೆ ಬಂದ ಲಕ್ಷ್ಮೀನ ಓಡಸ್ತಾರೇನ್ರಿ?”

“ಲಕ್ಷ್ಮಿ ಮರಿ ತಿಂತಾಳೆ ಕಾಕು!”

ಕೋಲು ನೆಲಕ್ಕೆ ಬಡಿದೆ. ಲಕ್ಷ್ಮಿ ತುಸುವೂ ಗಾಬರಿಯಾಗದೆ ಕಸದೊಳಗೆ ನುಗ್ಗಿ, ಗೋಡೆಯ ಬುಡದ ಕಿಂಡಿಯಿಂದ ಕಾಕುವಿನ ಹಿತ್ತಲಿಗೇ ಹೋದಳು. ಅವರ ಮುಖ ಅರಳಿತು. ಆಗಸ್ಟಿನಲ್ಲಿ ಒಂದು ಬೆಳಗ್ಗೆ ಎಲೆಯ ಚೀಲ ಖಾಲಿ. ಲಿಂಬೆಯ ಒಳಗೊಂಬೆಯಲ್ಲಿ ಮೋಟು ಬಾಲದ ಮೂರು ಮರಿಗಳು ಮೈಗೆ ಮೈ ಅಂಟಿಸಿ ಕೂತು ಬಾಯಿ ತೆರೆಯುತ್ತಿದ್ದವು.

ಹಿತ್ತಲಿನ ಕಸ ತೆಗೆಸುವುದಾಗಿ ಮಾವನಿಗೆ ಮಾತು ಕೊಟ್ಟಿದ್ದೆ. ಅರ್ಧ ತೆಗೆಸಿದೆ. ಉಳಿದರ್ಧದಲ್ಲಿ ರಾಟವಾಳಗಳು ಹುಲ್ಲಿನ ಬೀಜ ತಿನ್ನುತ್ತಿದ್ದವು, ಅದನ್ನು ಪುಣೆಗೆ ಫೋನಿನಲ್ಲಿ ವಿವರಿಸುವುದು ಸುಲಭವಾಗಲಿಲ್ಲ. ಮಳೆ ಬಿಟ್ಟ ಮೇಲೆ ಕೆಲಗೇರಿ ಕೆರೆಯವರೆಗೂ, ವಿಶ್ವವಿದ್ಯಾಲಯದ ಆವರಣದವರೆಗೂ ಹೋಗಿಬಂದೆವು. ಅಲ್ಲಿ ನವಿಲುಗಳು ರಸ್ತೆ ದಾಟಲು ಯಾರನ್ನೂ ಕೇಳುವುದಿಲ್ಲ. ಆದರೆ ಹೊಸದು ಬಂದದ್ದು ಹಿತ್ತಲಿಗೇ. ಅಕ್ಟೋಬರಿನಲ್ಲಿ ಮಾವಿನ ತರಗಿನ ಮೇಲೆ ಹಸಿರು, ನೀಲಿ, ಹಳದಿ, ಬಾಲದ ಬುಡಕ್ಕೆ ಕಡುಗೆಂಪು ಬಳಿದುಕೊಂಡ ಗಿಡ್ಡ ಹಕ್ಕಿಯೊಂದು ಎಲೆ ಮಗುಚಿ ಹುಳ ಹೆಕ್ಕುತ್ತಿತ್ತು. ನವರಂಗ. ಉತ್ತರದ ಕಾಡುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣಕ್ಕೆ ಇಳಿಯುವ ಪ್ರಯಾಣಿಕ. ರಾತ್ರಿಯಲ್ಲಿ ಹಾರುತ್ತದೆ, ಹಗಲು ಹೀಗೆ ಸಿಕ್ಕ ತೋಪಿನಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಕ್ಯಾಮೆರಾ ಚಾಲೂ ಇಟ್ಟೇ ನಾನು ಎದ್ದುಹೋದ ಮೀಟಿಂಗು ಅದೊಂದೇ.

ಮರುವರ್ಷ ಫೆಬ್ರವರಿ 12ರಿಂದ 15ರವರೆಗೆ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಇತ್ತು. ಕೂತಲ್ಲೇ ಹದಿನೈದು ನಿಮಿಷ ಕೂತು, ಕಂಡ ಕೇಳಿದ ಹಕ್ಕಿಗಳನ್ನೆಲ್ಲ ಎಣಿಸಿ ಇ-ಬರ್ಡ್ ತಾಣಕ್ಕೆ ಹಾಕಿದರಾಯಿತು, ಜಗತ್ತಿನ ಯಾವ ಹಿತ್ತಲಾದರೂ ಸರಿ. ನಾನು ಗಟ್ಟಿಯಾಗಿ ಹೇಳುತ್ತ ಬರೆಯುತ್ತಿದ್ದೆ: ಪಿಕಳಾರ ನಾಲ್ಕು, ಗೊರವಂಕ ಎರಡು, ಸೂರಕ್ಕಿ ಒಂದು, ಗೋಡೆಯ ಮೇಲೆ ಮಡಿವಾಳ ಹಕ್ಕಿ ಒಂದು...

ಗೋಡೆಯಾಚೆಯಿಂದ ಕಾಕು ತಲೆಯೆತ್ತಿದರು. ಮೂಗಿಗೆ ಸೆರಗು ಹಿಡಿಯುವುದನ್ನು ಬಿಟ್ಟು ಆಗಲೇ ಬಹಳ ದಿನವಾಗಿತ್ತು.

“ಅಳಿಯಾರ, ಅದು ನಮ್ಮ ಮನಿದ್ರಿ. ದಿನಾ ಮುಂಜಾನೆ ನಮ್ಮ ತಗಡಿನ ಮ್ಯಾಲೇ ಹಾಡತೈತಿ. ನಿಮ್ಮ ಲೆಕ್ಕಕ್ಕ ಹಿಡೀಬ್ಯಾಡ್ರಿ ಮತ್ತ.”