ದೊಡ್ಡ ಗಡಿಯಾರದ ಎದುರು

ಮೈಸೂರಿಗೆ ಬಂದ ನೆಂಟರು ಅರಮನೆ, ಝೂ, ಚಾಮುಂಡಿ ಬೆಟ್ಟ ಅಂತ ಲಿಸ್ಟ್ ಹಿಡ್ಕೊಂಡು ಓಡಾಡ್ತಾರೆ. ಸಂಜೆ ಹೊತ್ತಿಗೆ ಕಾಲುನೋವು ಅಂತ ಮಲಗ್ತಾರೆ. ಊರಿನವರು ಹಾಗಲ್ಲ. ಊರಿನವರಿಗೆ ಹಳೇ ಪೇಟೆ ಅಂದ್ರೆ ನೋಡೋ ಜಾಗ ಅನ್ನೋದಕ್ಕಿಂತ ಕೂರೋ ಜಾಗ. ಇಲ್ಲೇ ಹುಟ್ಟಿ ಬೆಳೆದ ನಮಗೆ ಇದು ಗೊತ್ತಾಗೋಕೆ ಇಂಜಿನಿಯರಿಂಗ್ ಎರಡನೇ ವರ್ಷದ ತನಕ ಬೇಕಾಯ್ತು. ಅದೂ ಒಂದು ರಿಸಲ್ಟ್ ದೆಸೆಯಿಂದ.

ನಾವು ಅಂದ್ರೆ ನಾಲ್ಕು ಜನ. ಒಂದೇ ಕ್ಲಾಸು, ಒಂದೇ ಬೆಂಚು, ನಾಲ್ವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಸಯ್ಯಾಜಿರಾವ್ ರಸ್ತೆ ಅಂದ್ರೆ ನಮಗೆ ಅಮ್ಮನ ಜೊತೆ ಯೂನಿಫಾರ್ಮ್ ಬಟ್ಟೆ ತರೋಕೆ ಹೋಗೋ ರಸ್ತೆ, ದಸರಾದಲ್ಲಿ ಜಂಬೂಸವಾರಿ ನೋಡೋ ರಸ್ತೆ, ಅಷ್ಟೇ. ಸುಮ್ಮನೆ ಕೂತು ಮಾತಾಡ್ಬೇಕು ಅಂದ್ರೆ ಮಾಲು ಅಥವಾ ಕೆಫೆ. ಕೆಫೆಯಲ್ಲಿ ಒಂದು ಕೋಲ್ಡ್ ಕಾಫಿಯನ್ನ ನಾಲ್ಕು ಜನ ಅರ್ಧ ಗಂಟೆ ಎಳೆದ ಮೇಲೆ ಹುಡುಗ ಬಂದು "ಇನ್ನೇನಾದ್ರೂ ಬೇಕಾ ಸರ್" ಅಂತಾನೆ. ಏಳಿ ಅಂತ ಅದರರ್ಥ.

ಎರಡನೇ ಸೆಮಿಸ್ಟರ್ ರಿಸಲ್ಟ್ ಬಂದಾಗ ನಮ್ಮಲ್ಲೊಬ್ಬನಿಗೆ ಎರಡು ಸಬ್ಜೆಕ್ಟ್ ಹೋಯ್ತು, ಗಣಿತ ಮತ್ತು ಮೆಕ್ಯಾನಿಕ್ಸ್. ಅವನು ಮನೇಲಿ ಹೇಳಲಿಲ್ಲ. ಕಾಲೇಜಿಗೂ ಬರಲಿಲ್ಲ. ಮೂರನೇ ದಿನ ಅವರ ಅಮ್ಮ ನಮಗೆ ಫೋನ್ ಮಾಡಿ "ಅವನು ಫೋನ್ ತೆಗೀತಿಲ್ಲ, ಅಲ್ಲೇ ಇದಾನಾ ಮಗಾ?" ಅಂದ್ರು. "ಲ್ಯಾಬಲ್ಲಿದಾನೆ ಆಂಟಿ" ಅಂದ್ಬಿಟ್ವಿ. ಫೋನ್ ಇಟ್ಟ ಮೇಲೆ ಹೊಟ್ಟೆಯಲ್ಲಿ ಏನೋ ತಳಮಳ. ಕ್ಲಾಸ್ ಬಂಕ್ ಹೊಡೆದು ಹುಡುಕೋಕೆ ಹೊರಟ್ವಿ.

ಸಿಕ್ಕಿದ್ದು ಪುರಭವನದ ಆವರಣದಲ್ಲಿ. ಮರದ ಕೆಳಗೆ, ತೊಡೆ ಮೇಲೆ ಬ್ಯಾಗು, ಪಕ್ಕದಲ್ಲಿ ಖಾಲಿ ಟಿಫಿನ್ ಡಬ್ಬಿ. ಮೂರು ದಿನದಿಂದ ಬೆಳಿಗ್ಗೆ ಮನೆ ಬಿಟ್ಟು ಇಲ್ಲಿಗೇ ಬರ್ತಿದ್ನಂತೆ. ಚೆನ್ನಾಗಿ ಬೈಬೇಕು ಅಂತ ಹೋಗಿದ್ವಿ. ಅವನ ಪಕ್ಕ ಜಾಗ ಇತ್ತು, ಕೂತ್ವಿ. ಕೂತ ಮೇಲೆ ಬೈಯೋಕೆ ಆಗಲಿಲ್ಲ.

ಸುತ್ತ ನೋಡಿದ್ರೆ ನಮ್ಮ ಹಾಗೆ ಎಷ್ಟೋ ಜನ. ಕೆ.ಆರ್. ಆಸ್ಪತ್ರೆಯಲ್ಲಿ ಯಾರನ್ನೋ ಸೇರಿಸಿ ಬಂದವರು, ಬಸ್ಸಿಗೆ ಇನ್ನೂ ಹೊತ್ತಿದೆ ಅಂತ ಚೀಲ ಇಟ್ಕೊಂಡು ಕೂತ ಹಳ್ಳಿಯವರು, ಪೇಪರ್ ಮುಖದ ಮೇಲೆ ಹಾಕ್ಕೊಂಡು ಮಲಗಿದ ಒಬ್ಬರು. ಈ ಕಟ್ಟಡಕ್ಕೆ ಶಂಕುಸ್ಥಾಪನೆ ಆಗಿದ್ದು 1884ರಲ್ಲಿ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ. ಜನ ಬಂದು ಕೂತು ಸರ್ಕಾರದ ಎದುರು ಮಾತಾಡಲಿ ಅಂತ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ ಶುರುವಾಗಿದ್ದು ಅವರ ಕಾಲದಲ್ಲೇ. ಅವರ ಹೆಸರಿನ ಭವನದ ಅಂಗಳದಲ್ಲಿ ಇವತ್ತಿಗೂ ಜನ ಕೂತಿದಾರೆ, "ಯಾಕೆ ಕೂತಿದೀಯಾ" ಅಂತ ಯಾರೂ ಕೇಳಲ್ಲ. ಅವನು ಮೂರು ದಿನ ಇಲ್ಲಿ ಇರೋಕೆ ಆಗಿದ್ದು ಅದಕ್ಕೇ.

ಕೇಳಿದ್ದು ಒಬ್ಬರೇ, ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಒಬ್ಬ ತಾತ. ಅವರು ಕೇಳಿದ್ದೂ ಟೈಮು. "ಟೈಮ್ ಎಷ್ಟಪ್ಪಾ? ಕನ್ನಡಕ ತಂದಿಲ್ಲ." ಎದುರಿಗೇ ದೊಡ್ಡ ಗಡಿಯಾರ. "ಮೂರೂವರೆ ತಾತ" ಅಂದ್ವಿ. ಅವರು ನಕ್ಕು, "ಅಂಕಿ ಓದಿ ಹೇಳಿದ್ರೋ, ಮುಳ್ಳು ನೋಡಿ ಹೇಳಿದ್ರೋ?" ಅಂದ್ರು.

ಆಗ ಸರಿಯಾಗಿ ತಲೆ ಎತ್ತಿ ನೋಡಿದ್ವಿ. ಅಂಕಿಗಳೆಲ್ಲ ಕನ್ನಡದಲ್ಲಿವೆ! ಹುಟ್ಟಿದಾಗಿನಿಂದ ನೋಡಿದ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅಂತ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ್ದು, 75 ಅಡಿ ಎತ್ತರ. ಇದೆಲ್ಲ ಕ್ವಿಜ್‌ಗೆ ಬಾಯಿಪಾಠ ಮಾಡಿದ್ವಿ. ಆದ್ರೆ ಅಂಕಿಗಳನ್ನ ಒಂದು ದಿನಾನೂ ಓದಿರಲಿಲ್ಲ, ಮುಳ್ಳು ಎಲ್ಲಿದೆ ಅಂತ ನೋಡಿ ಟೈಮ್ ಹೇಳ್ತಿದ್ವಿ. ತಾತ ಕೇಳಿದ್ರು ಅಂತ ಓದೋಕೆ ಹೊರಟ್ರೆ ನಾಲ್ಕರ ತನಕ ಸಲೀಸು, ಆರು ಯಾವುದು ಒಂಬತ್ತು ಯಾವುದು ಅನ್ನೋವಾಗ ತಡವರಿಸಿದ್ವಿ. ಕನ್ನಡ ಸಂಘದ ಮೆಂಬರ್‌ಗಳು ಬೇರೆ! ತಾತ ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸಿದ್ರು. ಫೇಲ್ ಆದವನು ಮೂರು ದಿನದಲ್ಲಿ ಮೊದಲ ಸಲ ನಕ್ಕ.

ಆಮೇಲೆ ಅವನು ತನ್ನ ಮೂರು ದಿನದ ಜಾಗಗಳನ್ನ ತೋರಿಸೋಕೆ ನಮ್ಮನ್ನ ಎಳ್ಕೊಂಡು ಹೋದ. ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲು. ಮಾರು ಹಾಕಿ ಮಲ್ಲಿಗೆ ಅಳೆಯೋರನ್ನ ನೋಡ್ತಾ ನಿಂತ್ರೆ ತಲೆಯೊಳಗಿನ ಸದ್ದು ಕಮ್ಮಿ ಆಗುತ್ತಂತೆ. ಮಧ್ಯಾಹ್ನ ಮಾರ್ಕೆಟ್ಟಿನ ಹತ್ತಿರದ ಚಿಕ್ಕ ಗಡಿಯಾರ. ಅಲ್ಲಿ ನಾಲ್ವರೂ ಚುರುಮುರಿ ತಿಂದ್ವಿ.

ತಿನ್ನುತ್ತಾ ಅವನು ಮಾರ್ಕೆಟ್ಟಿನ ಕಮಾನುಗಳನ್ನ ತೋರಿಸಿ, "ನೋಡ್ರೋ, ಇದರಲ್ಲಿ ಕಬ್ಬಿಣ ಹಾಕಿ ಹಿಡಿದಿಲ್ಲ. ಇಟ್ಟಿಗೆ ಒಂದನ್ನೊಂದು ಒತ್ತುತ್ತೆ, ಭಾರ ಕಮಾನಿನ ಗುಂಟ ಇಳಿದು ಪಕ್ಕದ ಕಂಬಕ್ಕೆ ಹೋಗುತ್ತೆ. ಕಂಬ ಅಲ್ಲಾಡಿದ್ರೆ ಎಲ್ಲ ಮುಗೀತು" ಅಂದ. ಮೆಕ್ಯಾನಿಕ್ಸ್‌ನಲ್ಲಿ ಫೇಲ್ ಆದವನು ಪಾಸಾದ ನಮಗೆ ಪಾಠ ಹೇಳ್ತಿದ್ದ. ಕೇಳ್ತಾ ಕೇಳ್ತಾ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡ ನೆನಪಾಯ್ತು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ಇದೇ ಮಾರ್ಕೆಟ್ಟಿನ ಉತ್ತರ ಬಾಗಿಲಿನ ಕಡೆ ಒಂದು ಭಾಗ ಬಿತ್ತು. ಒಡೆದು ಹೊಸದಾಗಿ ಕಟ್ಟಬೇಕಾ, ಇದ್ದದ್ದನ್ನೇ ದುರಸ್ತಿ ಮಾಡಬೇಕಾ ಅನ್ನೋ ಜಗಳ ಆಗಿನಿಂದ ನಡೆದಿದೆ. ನಾವು ನಾಲ್ವರಲ್ಲೂ ಎರಡು ಪಾರ್ಟಿ. ಪ್ರಾಣಕ್ಕಿಂತ ಪರಂಪರೆ ದೊಡ್ಡದಲ್ಲ ಅಂತ ಒಬ್ಬ. ಸರಿಯಾಗಿ ನೋಡ್ಕೊಂಡಿದ್ರೆ ಬೀಳ್ತಾನೇ ಇರಲಿಲ್ಲ ಅಂತ ಇನ್ನೊಬ್ಬ. ಒಂದು ಮಾತಿಗೆ ಮಾತ್ರ ಎಲ್ಲರೂ ಒಪ್ಪಿದ್ವಿ: ಹೊಸದು ಕಟ್ಟಿದ್ರೂ ಏನೂ ಕೊಳ್ಳದವನು ನಿಲ್ಲೋಕೆ, ಕೂರೋಕೆ ಜಾಗ ಇರ್ಬೇಕು.

ಸಂಜೆ ಮತ್ತೆ ಪುರಭವನದ ಹತ್ತಿರ ಬಂದ್ವಿ. ಭಾನುವಾರ ಆಗಿದ್ರೆ ಅರಮನೆ ದೀಪ ನೋಡಬಹುದಿತ್ತು, ಅವತ್ತು ಗುರುವಾರ. ಅವನೇ ಫೋನ್ ತೆಗೆದ. "ಅಮ್ಮಾ, ಎರಡು ಹೋಗಿದೆ." ಆ ಕಡೆಯಿಂದ ಮಾತಿಲ್ಲ. ನಾವು ಮೂವರೂ ಗಡಿಯಾರ ನೋಡ್ತಾ ನಿಂತ್ವಿ. ಕೊನೆಗೆ, "ನಿಮ್ಮಪ್ಪ ಬರೋದ್ರೊಳಗೆ ಮನೆಗೆ ಬಾ" ಅಂದ್ರಂತೆ.

ಮನೇಲಿ ಎರಡು ದಿನ ಮಂಗಳಾರತಿ ಆಯ್ತು. ಸುಳ್ಳು ಹೇಳಿದ್ದಕ್ಕೆ ಆಂಟಿ ನಮ್ಮ ಜೊತೆ ಒಂದು ತಿಂಗಳು ಮಾತು ಬಿಟ್ರು. ನ್ಯಾಯಾನೇ ಅದು. ಮೆಕ್ಯಾನಿಕ್ಸ್ ಈಗ ಪಾಸಾಗಿದೆ, ಗಣಿತ ಇನ್ನೂ ಬಾಕಿ ಇದೆ.

ಈಗ ಶನಿವಾರ ಸಂಜೆ ನಾವು ಅಲ್ಲೇ ಇರ್ತೀವಿ. ತಾತ ಮತ್ತೆ ಸಿಕ್ಕಿಲ್ಲ. ನಮ್ಮ ಕಾಲೇಜಿನ ಯಾರಾದ್ರೂ ರಿಸಲ್ಟ್ ದಿನ ಮನೆಗೆ ಹೋಗೋಕೆ ಕಾಲು ಬರದೆ ಪೇಟೆ ಸುತ್ತುತ್ತಿದ್ರೆ ಪುರಭವನದ ಮರದ ಕೆಳಗೆ ಬನ್ನಿ, ಜಾಗ ಇದೆ. ಅಂಕಿ ಓದೋಕೂ ಹೇಳಿಕೊಡ್ತೀವಿ. ಆರಕ್ಕೂ ಒಂಬತ್ತಕ್ಕೂ ನಮಗೆ ಈಗಲೂ ಒಮ್ಮೊಮ್ಮೆ ಗೊಂದಲ ಆಗುತ್ತೆ. ಆಗ ಮುಳ್ಳು ನೋಡ್ತೀವಿ.