ಧಾಟಿ: ರೇಡಿಯೋದ್ದು

ನಮ್ಮ ಕಡೆ ಜಾತ್ರೆಗಳಲ್ಲಿ ಮಾರುವ ಭಜನೆ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು, ಅದರ ಮುಂದೆ ಯಾವುದೋ ಸಿನಿಮಾ ಹಾಡಿನ ಮೊದಲ ಮಾತು ಕೊಟ್ಟಿರುತ್ತಾರೆ. ಕೆಳಗೆ ಶುದ್ಧ ವೈರಾಗ್ಯ. ದೇಹವೆಂಬುದು ಮಣ್ಣು, ಹೆಂಡಿರು ಮಕ್ಕಳು ಸಂಗಡ ಬರುವವರಲ್ಲ ಎಂದು ಹಾಡು ಹೇಳುತ್ತಿದ್ದರೆ, ಧಾಟಿ ಮಾತ್ರ ನಾಯಕ ನಾಯಕಿ ಮರ ಸುತ್ತಿದ್ದು. ಬರೆದವನಿಗೆ ಸಂಕೋಚವಿಲ್ಲ, ಹಾಡುವವರಿಗೂ ಇಲ್ಲ. ಕಂಪನಿ ನಾಟಕದ ಕಾಲದಲ್ಲಿ ಮರಾಠಿ ರಂಗಗೀತೆಗಳ ಮಟ್ಟನ್ನು ಎತ್ತಿಕೊಂಡು ಕನ್ನಡ ಮಾತು ಕೂಡಿಸಿದವರ ವಂಶ ಅದು. ಸಂಕೋಚ ಇರುವುದು ನನಗೊಬ್ಬನಿಗೇ. ನಾನು ಬರೆದ ಹಾಡಿಗೆ ನನ್ನದೇ ಧಾಟಿ ಬೇಕೆಂಬ ಹಠ ನನಗೆ ಹರೆಯದಲ್ಲಿ ಹತ್ತಿದ್ದು, ತಲೆ ನರೆತರೂ ಬಿಟ್ಟಿಲ್ಲ.

ಈ ಹಠ ರೇಡಿಯೋದಿಂದಲೇ ಬಂದಿರಬೇಕು. ಅದನ್ನು ಈಡೇರದಂತೆ ಮಾಡಿದ್ದೂ ಅದೇ.

ನಾನು ಹುಟ್ಟಿದ್ದು ನಾರಾಯಣಖೇಡದ ಬಳಿಯ ಹಳ್ಳಿಯಲ್ಲಿ, ಅಕ್ಕನನ್ನು ಕೊಟ್ಟದ್ದು ಜಹೀರಾಬಾದ್ ಕಡೆ, ಹೊಟ್ಟೆಪಾಡಿಗೆ ಬಂದು ಸೇರಿದ್ದು ತಾಂಡೂರು. ಮೊದಲ ಎರಡು ಬೀದರ ಜಿಲ್ಲೆಯ ತಾಲೂಕುಗಳು, ಮೂರನೆಯದು ಗುಲ್ಬರ್ಗ ಜಿಲ್ಲೆಯದು. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವನ್ನು ಮೂರು ಪಾಲು ಮಾಡಿದಾಗ ನಾರಾಯಣಖೇಡವೂ, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದೂ ಮೆದಕ್ ಜಿಲ್ಲೆಗೆ ಹೋದವು. ತಾಂಡೂರು ಹೈದರಾಬಾದ್ ಜಿಲ್ಲೆಗೆ ಸೇರಿತು. ನಮ್ಮಪ್ಪ ಹುಟ್ಟಿದ್ದು ಬೀದರ ಜಿಲ್ಲೆ, ಹೈದರಾಬಾದ್ ರಾಜ್ಯದಲ್ಲಿ. ಮದುವೆಯಾದದ್ದು ಮೆದಕ್ ಜಿಲ್ಲೆ, ಆಂಧ್ರಪ್ರದೇಶದಲ್ಲಿ. ಈಗ ಮುಪ್ಪಿನ ಪಿಂಚಣಿ ಎಣಿಸಿಕೊಳ್ಳುವುದು ಸಂಗಾರೆಡ್ಡಿ ಜಿಲ್ಲೆ, ತೆಲಂಗಾಣದಲ್ಲಿ. ಮನೆ ಅದೇ. ಗೋಡೆಯೊಂದೂ ಸರಿದಿಲ್ಲ.

ಆ ಮನೆಯ ಮಾಡದಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಆಗ ರೇಡಿಯೋಕ್ಕೂ ಲೈಸೆನ್ಸು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹೊಡೆಸಿಕೊಂಡು ಬರಬೇಕು. ಎಂಬತ್ತರ ದಶಕದಲ್ಲಿ ಆ ಪದ್ಧತಿ ಹೋಯಿತು. ಲೈಸೆನ್ಸಿನಲ್ಲಿ ಬರೆದ ವಿಳಾಸ ಆಂಧ್ರಪ್ರದೇಶದ್ದು, ಮುಳ್ಳು ನಿಲ್ಲುತ್ತಿದ್ದದ್ದು ಗುಲ್ಬರ್ಗದಲ್ಲಿ. 1966ರಲ್ಲಿ ಶುರುವಾದ ಆ ಸ್ಟೇಷನ್ನು ಮೀಡಿಯಂ ವೇವಿನ 1107 ಕಿಲೋಹರ್ಟ್ಜಿನಲ್ಲಿ ಸಿಗುತ್ತಿತ್ತು. ಪಟ್ಟಿಯ ಎಡಗಡೆ, 738ರಲ್ಲಿ ಹೈದರಾಬಾದ್, 765ರಲ್ಲಿ ಧಾರವಾಡ. ಇವೆರಡರ ನಡುವಿನ ಅಂತರ ಬೆರಳು ನಡುಗಿದರೆ ದಾಟಿಹೋಗುವಷ್ಟು. ತೆಲುಗು ವಾರ್ತೆ ಕೇಳುತ್ತ ಕೂತ ಕಾಕಾ ಸೀನಿದರೆ ಧಾರವಾಡದ ಸಿತಾರು. ರಾಜ್ಯಗಳ ಗಡಿ ಹಾಕಿದವರು ಎಷ್ಟು ಸಭೆ ಸೇರಿದ್ದರೋ ಏನೋ, ನಮ್ಮ ಕಾಕಾನಿಗೆ ನೆಗಡಿ ಸಾಕಿತ್ತು.

ಧಾರವಾಡ ಹಗಲು ಬರುತ್ತಿರಲಿಲ್ಲ, ದೀಪ ಹಚ್ಚಿದ ಮೇಲೆ ಮಾತ್ರ. ಮೀಡಿಯಂ ವೇವಿನ ಅಲೆ ಹಗಲು ಹೊತ್ತು ನೆಲ ಹಿಡಿದು ಬರುತ್ತದೆ, ಆಕಾಶಕ್ಕೆ ಹೋದದ್ದನ್ನು ಅಲ್ಲಿನ ಕೆಳಪದರವೊಂದು ನುಂಗಿಬಿಡುತ್ತದೆ. ಹೊತ್ತು ಮುಳುಗಿದರೆ ಆ ಪದರ ಕರಗುತ್ತದೆ; ಅಲೆ ಇನ್ನೂ ಮೇಲಕ್ಕೆ ಹೋಗಿ, ಬಡಿದು, ದೂರದ ಊರುಗಳಿಗೆ ಇಳಿಯುತ್ತದೆ. ಅವ್ವನಿಗೆ ಇದಾವುದೂ ಗೊತ್ತಿರಲಿಲ್ಲ. ಟ್ರಾನ್ಸಿಸ್ಟರಿನ ಹೊಟ್ಟೆಯಲ್ಲಿ ಫೆರೈಟ್ ಕಡ್ಡಿಯೊಂದಿರುತ್ತದೆ, ಅದು ಸ್ಟೇಷನ್ನಿನ ದಿಕ್ಕಿಗೆ ಅಡ್ಡವಾಗಿ ನಿಂತರೆ ದನಿ ದೊಡ್ಡದಾಗುತ್ತದೆ ಎಂಬುದಂತೂ ಗೊತ್ತೇ ಇರಲಿಲ್ಲ. ಆದರೆ ರೇಡಿಯೋ ಗುಲ್ಬರ್ಗಕ್ಕೆ ಹೇಗೆ ಕೂರಬೇಕು, ಹೈದರಾಬಾದಿಗೆ ಹೇಗೆ ತಿರುಗಬೇಕು ಎಂದು ಮಾಡದಲ್ಲಿ ಎರಡು ಸುಣ್ಣದ ಗೆರೆ ಎಳೆದಿದ್ದಳು. ಅಪ್ಪ ಹೊಲದಿಂದ ಬಂದವನೇ “ಹೈದರಾಬಾದ್ ಹಚ್ಚ, ಮಳಿ ಸುದ್ದಿ ಬರ್ತದ” ಎನ್ನುವನು. ಅವ್ವ “ಮಳಿ ಬಂದ್ರ ಅಂಗಳದಾಗ ಕಾಣ್ತದ, ಕೇಳೂದ್ಯಾಕ?” ಎಂದು ಗುಲ್ಬರ್ಗದ ಗೆರೆಯ ಮೇಲೆಯೇ ಇಡುವಳು. ಸೆಲ್ಲು ಸೊರಗಿದಾಗ ಬಿಸಿಲಿಗಿಟ್ಟು ಅವಕ್ಕೆ ಮತ್ತೊಂದು ದಿನದ ಜೀವ ಬರಿಸುತ್ತಿದ್ದದ್ದೂ ಅವಳೇ.

ಅಜ್ಜನ ಕಾಲಕ್ಕೆ ನಮ್ಮ ಸೀಮೆಗೆ ಸಿಗುತ್ತಿದ್ದದ್ದು ದಖ್ಖನ್ ರೇಡಿಯೋ. 1935ರಲ್ಲಿ ನಿಜಾಮ ಸರಕಾರ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಉರ್ದುವೇ ಯಜಮಾನ, ಆದರೂ ತೆಲುಗು, ಕನ್ನಡ, ಮರಾಠಿಗೂ ಅಷ್ಟಿಷ್ಟು ಹೊತ್ತು ಸಿಗುತ್ತಿತ್ತು. ಅದೇ 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಆಕಾಶವಾಣಿ ಶುರುಮಾಡಿದರು. ಅದನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ದಖ್ಖನ್ ರೇಡಿಯೋದ ಕನ್ನಡದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಬೇಕಾದ ನಾವು ಗೆರೆಯ ಈಚೆ ಉಳಿದುಬಿಟ್ಟೆವು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದೊಳಗೆ ಕರಗಿಯೂ ಹೋಯಿತು.

ನಮ್ಮ ಊರಲ್ಲಿ ಸಿನಿಮಾ ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಗುಲ್ಬರ್ಗದಿಂದ ‘ಧ್ವನಿವಾಹಿನಿ’, ಹೈದರಾಬಾದಿನಿಂದ ‘ಸಂಕ್ಷಿಪ್ತ ಶಬ್ದ ಚಿತ್ರಂ’: ಇಡೀ ಸಿನಿಮಾವನ್ನು ಒಂದು ಗಂಟೆಗೆ ಇಳಿಸಿ ಕಿವಿಗೆ ಬಡಿಸುವ ಕಾರ್ಯಕ್ರಮಗಳು. ಬಾಗಿಲು ಕಿರ್ರೆಂದರೆ ಖಳನಾಯಕ ಬಂದನೆಂದೂ, ಬಳೆ ಸದ್ದಾದರೆ ನಾಯಕಿ ಅಳಲು ಶುರುಮಾಡುತ್ತಾಳೆಂದೂ ನಾವು ಪಳಗಿದ್ದೆವು. ಹೊಡೆದಾಟದಲ್ಲಿ ಯಾರು ಯಾರಿಗೆ ಹೊಡೆದರೆಂಬುದು ಮಾತ್ರ ಕೊನೆಯವರೆಗೂ ಬಗೆಹರಿಯುತ್ತಿರಲಿಲ್ಲ. ಹೀಗೆ ಕೇಳಿದ ಸಿನಿಮಾಗಳನ್ನು ಎಷ್ಟೋ ವರ್ಷಗಳ ಮೇಲೆ ಫೋನಿನಲ್ಲಿ ನೋಡಿದಾಗ, ನಾನು ಕಟ್ಟಿಕೊಂಡಿದ್ದ ಮನೆ, ತೋಟ, ನಾಯಕಿಯ ಸೀರೆಯ ಬಣ್ಣ ಒಂದೂ ಹೊಂದಲಿಲ್ಲ. ನನ್ನ ಸಿನಿಮಾವೇ ಚೆನ್ನಾಗಿತ್ತು.

ಫೋನು ಬಂದ ಮೇಲೆ ನನಗೆ ತಡವಾಗಿ ಸಿಕ್ಕ ಸುದ್ದಿಗಳೂ ಇವೆ. ಅಪ್ಪ ಆಗಾಗ, “ರಾಜಕುಮಾರ್ ತೆಲುಗಿನಾಗೂ ಮಾಡ್ಯಾನ, ನಾ ನೋಡೀನಿ” ಎನ್ನುತ್ತಿದ್ದ. ಎಲ್ಲೋ ಎನ್.ಟಿ. ರಾಮರಾಯರನ್ನು ನೋಡಿ ಹೇಳುತ್ತಾನೆಂದು ನಾವು ನಗುತ್ತಿದ್ದೆವು. ಹುಡುಕಿದರೆ ಸಿಕ್ಕಿತು, ‘ಕಾಳಹಸ್ತಿ ಮಹಾತ್ಮ್ಯಂ’, 1954. ಎಚ್.ಎಲ್.ಎನ್. ಸಿಂಹ ‘ಬೇಡರ ಕಣ್ಣಪ್ಪ’ದ ಕತೆಯನ್ನೇ ತೆಲುಗಿನಲ್ಲೂ ತೆಗೆದಿದ್ದರು, ರಾಜಕುಮಾರ್ ಕನ್ನಡದಾಚೆ ನಾಯಕರಾಗಿ ನಟಿಸಿದ ಚಿತ್ರ ಅದೊಂದೇ. ಅಪ್ಪನಿಗೆ ತೋರಿಸಿದರೆ ಆಶ್ಚರ್ಯವೇನೂ ಪಡಲಿಲ್ಲ. “ನಾ ಹೇಳಿರ್ಲಿಲ್ಲೇನು?” ಎಂದು ಅಡಕೆ ಕತ್ತರಿಸುತ್ತ ಕೂತ.

ಇನ್ನೊಂದು ಸುದ್ದಿಗೆ ನಾನೇ ಬೆಪ್ಪಾದೆ. ಗುಲ್ಬರ್ಗದ ಗೆರೆಯ ಮೇಲಿಟ್ಟ ರೇಡಿಯೋದಿಂದ ಕನ್ನಡದ ಉಸಿರೆಂದು ಕೇಳುತ್ತಿದ್ದೆನಲ್ಲ, ಆ ಪಿ.ಬಿ. ಶ್ರೀನಿವಾಸ್ ಕಾಕಿನಾಡದವರು, ಎಸ್. ಜಾನಕಿ ಗುಂಟೂರು ಕಡೆಯವರು. 1966ರಲ್ಲಿ ತೆಲುಗಿನಲ್ಲಿ ಶುರುಮಾಡಿದ ಬಾಲಸುಬ್ರಹ್ಮಣ್ಯಂ ಎರಡನೆಯ ಭಾಷೆಯೆಂದು ಹಾಡಿದ್ದು ಕನ್ನಡದಲ್ಲಿ, ಎಂ. ರಂಗರಾವ್ ಸಂಗೀತದ ‘ನಕ್ಕರೆ ಅದೇ ಸ್ವರ್ಗ’ಕ್ಕೆ. ಅವ್ವನೂ ಅಪ್ಪನೂ ಎರಡು ಸುಣ್ಣದ ಗೆರೆಗಳಿಗಾಗಿ ಜಗಳಾಡುತ್ತಿದ್ದಾಗ ಎರಡೂ ಗೆರೆಗಳ ಮೇಲೆ ಒಂದೇ ಗಂಟಲು ಹಾಡುತ್ತಿತ್ತು.

ಜಹೀರಾಬಾದಿನ ಅಕ್ಕನ ಮನೆಗೆ ಟಿ.ವಿ. ಬಂದಾಗ ನಾನು ಭಾನುವಾರಗಳನ್ನು ಅಲ್ಲೇ ಕಳೆಯತೊಡಗಿದೆ. ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಪ್ರಾದೇಶಿಕ ಸಿನಿಮಾ ಹಾಕುತ್ತಿದ್ದರು. ಭಾವ ಗೊರಕೆ ಹೊಡೆಯಲು ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಹಾಗೊಂದು ಮಧ್ಯಾಹ್ನ ‘ಹಂಸಗೀತೆ’ ಬಂತು. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ ನಿರ್ದೇಶನ, 1975ರ ಚಿತ್ರ. ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದವರು ಬಾಲಮುರಳಿಕೃಷ್ಣ, ಮತ್ತೆ ಗೋದಾವರಿ ಕಡೆಯವರೇ. ಅದಕ್ಕೆ ಮೊದಲು ಭಾವನ ಜೊತೆ ಟಾಕೀಸಿನ ನೆಲದ ಮೇಲೆ ಕೂತು ‘ಶಂಕರಾಭರಣಂ’ ನೋಡಿದ್ದೆ. ಅದು 1980ರದು, ಕಬ್ಬಿನ ಗಾಡಿ ಹೊಡೆಯುವವರೂ ಶಾಸ್ತ್ರೀಯ ಸಂಗೀತಕ್ಕೆ ಚಪ್ಪಾಳೆ ತಟ್ಟಿದ ಕಾಲ. ‘ಶಂಕರಾಭರಣಂ’ ನೋಡಿ ಹಾಡಬೇಕೆನಿಸಿತು, ‘ಹಂಸಗೀತೆ’ ನೋಡಿ ಹಾಡು ಕಟ್ಟಬೇಕೆನಿಸಿತು. ಹಾಡುವ ಆಸೆಯನ್ನು ನೆರೆಹೊರೆಯವರೇ ಬಿಡಿಸಿದರು. ಕಟ್ಟುವ ಆಸೆ ಯಾರಿಗೂ ಕೇಳಿಸುವುದಿಲ್ಲವಾದ್ದರಿಂದ ಉಳಿಯಿತು.

ಈಗ ತಾಂಡೂರಿನ ಫರಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನೀಲಿ, ಹಳದಿ ಸುಣ್ಣಕಲ್ಲಿನ ಚಪ್ಪಡಿಗಳು ಗಣಿಯಿಂದ ಬಂದು, ಅಂಚು ಕೊಯ್ಸಿಕೊಂಡು, ಮೈ ತಿಕ್ಕಿಸಿಕೊಂಡು ಲಾರಿ ಹತ್ತುತ್ತವೆ. ಬೆಳಗ್ಗೆ ಆರಕ್ಕೆ ಮುಂಚೆಯೇ ನನ್ನ ರೇಡಿಯೋ ಶುರು. ಹಳೆಯ ಟ್ರಾನ್ಸಿಸ್ಟರೂ ಇದೆ, ಫೋನಿನಲ್ಲಿ ಆಕಾಶವಾಣಿಯ ಆಪ್ ಕೂಡ ಇದೆ. ಎರಡನ್ನೂ ಒಟ್ಟಿಗೆ ಹಚ್ಚಿದರೆ ಫೋನಿನ ಗುಲ್ಬರ್ಗ, ಈಗಿನ ಕಲಬುರಗಿ, ಟ್ರಾನ್ಸಿಸ್ಟರಿಗಿಂತ ಹಿಂದೆ ಬೀಳುತ್ತದೆ. ವಾರ್ತೆ ಓದುವವರು ತಮ್ಮ ಮಾತನ್ನು ತಾವೇ ಅಣಕಿಸಿದಂತೆ ಕೇಳುತ್ತದೆ. ಅಂಗಡಿಯಲ್ಲಿ ಪಾಲಿಶ್ ಮಷೀನ್ ಸುರುವಾದ ಮೇಲೆ ಯಾವ ಸ್ಟೇಷನ್ನೂ ಇಲ್ಲ. ಆದರೆ ಆ ಮಷೀನಿಗೂ ಒಂದು ಶ್ರುತಿಯಿದೆ. ಅದರ ಮೇಲೆ ನಾನು ಗುನುಗುತ್ತ ಲೆಕ್ಕ ಕೂಡಿಸುತ್ತೇನೆ. ನನ್ನ ಎಷ್ಟೋ ಪಲ್ಲವಿಗಳು ಹುಟ್ಟಿದ್ದು ಅಲ್ಲೇ. ತೊಂದರೆಯೆಂದರೆ ನಡುವೆ ಕರೆಂಟು ಹೋಗುತ್ತದೆ, ಮಷೀನ್ ನಿಲ್ಲುತ್ತದೆ, ನನ್ನ ದನಿ ಒಂಟಿಯಾಗಿ ಅಂಗಡಿಯ ತುಂಬ ಕೇಳುತ್ತದೆ. ಕಲ್ಲು ಹೊರುವ ಹುಡುಗರು ತಕ್ಷಣ ಅದು ಯಾವ ಸಿನಿಮಾದ್ದೆಂದು ಹೇಳಿಬಿಡುತ್ತಾರೆ. ತೆಲುಗಿನದಾದರೆ ಒಬ್ಬ, ಹಿಂದಿಯದಾದರೆ ಇನ್ನೊಬ್ಬ. ಅವರಿಂದ ತಪ್ಪಿಸಿಕೊಂಡ ಧಾಟಿ ಅಪರೂಪ.

ಅಂಥದೊಂದು ಒಮ್ಮೆ ಸಿಕ್ಕಿತು. ಹುಡುಗರು ತಲೆ ಕೆರೆದುಕೊಂಡರು, ಯಾರಿಗೂ ಗುರುತು ಹತ್ತಲಿಲ್ಲ. ಊರಿಗೆ ಹೋದಾಗ ಭಜನಾ ಮಂಡಳಿಯ ಪೇಟಿ ಮಾಸ್ತರರ ಮುಂದೆ ಹಾಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು, ಪೇಟಿಯ ಮೇಲೆ ಬೆರಳಾಡಿಸಿದರು. “ಶಿವರಂಜನಿ ಛಲೋ ಅದ” ಎಂದರು. ನಾನು ಉಬ್ಬಿದೆ. “ಆದ್ರ ತಮ್ಮಾ, ಇದು ಬೆಳಗಾಂಜಾವ ರೇಡಿಯೋ ಚಾಲು ಆಗೂಕಿಂತ ಮೊದಲ ಬರ್ತದಲ್ಲ, ಅದು.”

ಹೌದು, ಅದೇ. ಹುಡುಗರಿಗೆ ಗೊತ್ತಾಗದಿದ್ದದ್ದು ಸಹಜ, ಅವರು ಆ ಹೊತ್ತಿಗೆ ಎದ್ದೇ ಇರುವುದಿಲ್ಲ. ಆಕಾಶವಾಣಿಯ ಆ ಗುರುತಿನ ನಾದವನ್ನು ಮಾಡಿದವರು ವಾಲ್ಟರ್ ಕೌಫ್ಮನ್ ಎನ್ನುತ್ತಾರೆ. ಹಿಟ್ಲರನ ಕಾಲದ ಯುರೋಪು ಬಿಟ್ಟು 1934ರಲ್ಲಿ ಮುಂಬಯಿಗೆ ಬಂದ ಯಹೂದಿ ಸಂಗೀತಗಾರ, ಅಲ್ಲಿಯ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡಿಕೊಂಡವರು. ಪರದೇಶಿಯೊಬ್ಬ ನಮ್ಮ ಶಿವರಂಜನಿಯ ಸ್ವರ ಎತ್ತಿಕೊಂಡು ಇಡೀ ದೇಶದ ಬೆಳಗು ಮಾಡಿಕೊಟ್ಟ. ಅದನ್ನು ನಾನು ಎತ್ತಿಕೊಂಡರೆ ಮಾತ್ರ ಕಳವು. ಅಂದಿನಿಂದ ಬೆಳಗ್ಗೆ ಒಂದೆರಡು ನಿಮಿಷ ತಡವಾಗಿ ರೇಡಿಯೋ ಹಚ್ಚಿ ನೋಡಿದೆ. ಉಪಯೋಗವಾಗಲಿಲ್ಲ, ಅದು ಆಗಲೇ ಒಳಗೆ ಹೋಗಿ ಕೂತಿತ್ತು.

ಅಕ್ಕನಿಗೆ ಈ ಒದ್ದಾಟವೇ ಅರ್ಥವಾಗುವುದಿಲ್ಲ. ಅವಳೂರಿನಿಂದ ಹತ್ತಿರವೇ ಮಾಚನೂರು. ಅಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಹೆಣ್ಣುಮಕ್ಕಳು ನಡೆಸುವ ಸಂಘಂ ರೇಡಿಯೋ ಇದೆ, 90.4ರಲ್ಲಿ. ಆ ಸೊಸೈಟಿ ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ದೂರದರ್ಶನದ ಕೆಲಸ ಬಿಟ್ಟು ಜಹೀರಾಬಾದಿನ ಜೋಳ, ನವಣೆಯ ಹೊಲಗಳಿಗೆ ಬಂದು, 2023ರಲ್ಲಿ ತೀರಿಕೊಳ್ಳುವವರೆಗೂ ಆ ಕೆಲಸ ಬಿಡಲಿಲ್ಲ. ರೇಡಿಯೋ ಕಟ್ಟಡ, ಸಾಮಾನು ಎಲ್ಲ ತೊಂಬತ್ತರ ದಶಕದ ಕೊನೆಗೇ ತಯಾರಿತ್ತು. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ, ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡುವ ನೀತಿ ಬರುವಷ್ಟರಲ್ಲಿ 2006 ಆಗಿತ್ತು. ಅಲ್ಲಿಯವರೆಗೆ ಹೆಂಗಸರು ರೆಕಾರ್ಡು ಮಾಡಿದರು, ಕ್ಯಾಸೆಟ್ಟು ಊರೂರಿನ ಸಂಘಗಳಿಗೆ ಒಯ್ದು ಕೇಳಿಸಿದರು. 2008ರ ಅಕ್ಟೋಬರ್ 15ರಂದು ಪ್ರಸಾರ ಸುರುವಾಯಿತು. ನಡೆಸಿದವರಿಬ್ಬರ ಹೆಸರೂ ನರ್ಸಮ್ಮ, ದಲಿತ ಮನೆಗಳ ಹುಡುಗಿಯರು. ಬೀಜದ ಮಾತು, ಸೊಪ್ಪಿನ ಮಾತು, ಕಳೆ ಕೀಳುವಾಗ ಹಾಡುವ ಹಾಡು. ಭಾಷೆ ತೆಲುಗು, ಆದರೆ ಜಹೀರಾಬಾದಿನ ತೆಲುಗು; ಅದರೊಳಗಿನ ಕನ್ನಡವನ್ನು ಅಕ್ಕ ಪುಕ್ಕಟೆಯಾಗಿ ಹೆಕ್ಕಿಕೊಳ್ಳುತ್ತಾಳೆ. ಅಲ್ಲಿ ಹಾಡುವ ಮುದುಕಿಯರಿಗೆ ಧಾಟಿ ಯಾರದೆಂದು ಯಾರೂ ಕೇಳಿದ್ದಿಲ್ಲ. ಕೇಳಿದರೆ ಅತ್ತೆಯದೆಂದೋ ಹೊಲದ್ದೆಂದೋ ಹೇಳಿಯಾರು.

ಹೋದ ಶಿವರಾತ್ರಿಗೆ ಝರಾಸಂಗಮದ ಕೇತಕಿ ಸಂಗಮೇಶ್ವರನ ಮೇಲೆ ಒಂದು ಹಾಡು ಬರೆದೆ. ಧಾಟಿ ಹಾಕದೆ, ಬರೀ ಮಾತನ್ನು ಅಕ್ಕನ ಕೈಗೆ ಕೊಟ್ಟೆ. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಅವಳು ಅದನ್ನು ಹಾಡಿದಳು. ಕಾಗದ ಹಂಚಿನ ಆಚೆ ಒರಗಿಸಿಟ್ಟಿದ್ದಳು, ಅರ್ಧ ಹಿಟ್ಟಾಯಿತು. ನಾನು ಯಾವ ಸಿನಿಮಾದ್ದೆಂದು ಕಿವಿಗೊಟ್ಟು ಕೂತೆ. ಒಂದು ಸಾಲು ಪಿ.ಬಿ. ಶ್ರೀನಿವಾಸರ ಕಡೆ ವಾಲಿತು, ಇನ್ನೊಂದು ಮೊಹರಮ್ಮಿನ ರಿವಾಯತಿನ ಕಡೆ, ಆಮೇಲೆ ಅವ್ವನ ಜೋಗುಳವೂ ಹಾದುಹೋಯಿತು. ಪೂರ್ತಿ ಯಾವುದರ ಹತ್ತಿರವೂ ನಿಲ್ಲಲಿಲ್ಲ.

“ಯಾವ ಧಾಟಿ ಅಕ್ಕಾ ಇದು?”

“ಯಾವುದ ಅಂದ್ರ? ನೀ ಬರದೀದಲ್ಲ, ಅದರದ. ಎರಡನೇ ನುಡಿಯಾಗ ‘ನಿರಂತರ’ ತೆಗಿ, ಉಸಿರು ಸಾಲೂದಿಲ್ಲ.”

‘ನಿರಂತರ’ ನನಗೆ ಬಹಳ ಮುದ್ದಿನ ಪದ. ವಾದಿಸಿದೆ. ಅವಳು ಇನ್ನೊಂದು ರೊಟ್ಟಿ ಹಂಚಿಗೆ ಹಾಕಿ, ಆ ಪದವನ್ನು ಬಿಟ್ಟೇ ಹಾಡಿ ತೋರಿಸಿದಳು. ಪದ ಹೋಯಿತು. ಜಾತ್ರೆಯಲ್ಲಿ ಅವಳ ಮಂಡಳಿಯವರು ಹಾಗೆಯೇ ಹಾಡಿದರು. ನೋಟುಬುಕ್ಕಿನಲ್ಲಿ ನನ್ನ ಹೆಸರು ಹಾಕಿ, ಮೇಲೆ ಧಾಟಿ ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾರೆ. ಕಾರ್ತೀಕಕ್ಕೆ ಇನ್ನೊಂದು ಬೇಕೆಂದು ಈಗ ದಿನವೂ ಫೋನು. ಎರಡು ನುಡಿ ಆಗಿವೆ, ಎರಡರಲ್ಲೂ ‘ನಿರಂತರ’ ಇದೆ.